ಬೆವರದ ಮೈ

ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವನು ಮೇಸ್ತ್ರಿ. ಪಾಳಿ ಮುಗಿದ ಕೂಡಲೇ ಹಮಾಲರೆಲ್ಲ ಚಳಿ ಬಿಡಿಸಿಕೊಳ್ಳಲು ಬಿಸಿಲಿಗೆ ಓಡುತ್ತಿದ್ದರು. ಇವನು ಮಾತ್ರ ಹೊತ್ತು ಇಳಿಯುವ ತನಕ ಬಾಗಿಲು ದಾಟುತ್ತಿರಲಿಲ್ಲ. ಬೆವರು ಸುರಿಸದೆ ಉಣ್ಣುವವನು ಎಂದು ಅವರು ತಮಾಷೆ ಮಾಡಿದರೆ ತಾನೂ ನಗುತ್ತಿದ್ದ. ಆ ಮಾತು ಎಷ್ಟು ನಿಜವೆಂದು ಅವರಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನ ಮೈ ಒಮ್ಮೆಯೂ ಬೆವರಿರಲಿಲ್ಲ.

ಚಿಕ್ಕಂದಿನಲ್ಲಿ ಆಡಲು ಹೋದರೆ ಜ್ವರ, ನೆರಳಿಗೆ ಬಂದು ಕೂತರೆ ಮೈಗಳ್ಳನೆಂಬ ಬೈಗುಳ. ಬಂದದ್ದೇ ನಾಲ್ಕಾರು ಹಲ್ಲು, ಅವೂ ಮೊಳೆಯಂತೆ ಚೂಪು. ತಲೆಯಲ್ಲಿ ಜೋಳದ ತೆನೆಯ ಎಳೆಗಳಂಥ ಕೂದಲು. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ, ಒಣ ಒಣ. ತಂಗಿಗೆ ಗಂಡು ಗೊತ್ತಾದಾಗ ಅಮ್ಮ ಅವನಿಗೆ ಹಲ್ಲಿನ ಸೆಟ್ಟು ಹಾಕಿಸಿದಳು. ಟೈಫಾಯ್ಡಿನಲ್ಲಿ ಕೂದಲು ಉದುರಿತೆಂದು ಬೀಗರ ಮುಂದೆ ಒಂದು ಸುಳ್ಳು ತೇಲಿಬಿಟ್ಟಳು. ಅಮ್ಮ ತೀರಿಕೊಂಡ ಮೇಲೂ ಅಣ್ಣ ತಂಗಿ ಆ ಸುಳ್ಳನ್ನು ಕಾಪಾಡಿಕೊಂಡು ಬಂದರು. ಅವನು ಮಾತ್ರ ಮದುವೆಯ ಗೋಜಿಗೆ ಹೋಗಲಿಲ್ಲ. ತನ್ನಂಥ ಇನ್ನೊಂದು ಮೈಯನ್ನು ಭೂಮಿಗೆ ತರುವ ಧೈರ್ಯ ಅವನಿಗಿರಲಿಲ್ಲ.

ತಂಗಿಗೆ ಚಳಿಗಾಲದಲ್ಲಿ ಗಂಡು ಮಗುವಾಯಿತು. ಬಿಸಿಲೇರುತ್ತಿದ್ದಂತೆ ಮಗುವಿಗೆ ಜ್ವರ ಹತ್ತಿತು. ಆಸ್ಪತ್ರೆಗೆ ಸೇರಿಸಿ ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿದರೂ ಎಲ್ಲಿಯೂ ಸೋಂಕು ಸಿಗಲಿಲ್ಲ. ಮಗುವನ್ನು ನೋಡಲು ಹೋದ ಅವನು ಅದರ ಕತ್ತಿನ ಹಿಂದೆ ಕೈಯಿಟ್ಟ. ಕಾಗದದಂತೆ ಒಣಗಿತ್ತು, ಸುಡುತ್ತಿತ್ತು. ಕಣ್ಣಿನ ಸುತ್ತ ಕಪ್ಪಗೆ ಸಣ್ಣ ಸಣ್ಣ ಸುಕ್ಕು. ತನ್ನ ಊಹೆ ಸುಳ್ಳಾಗಲಿ ಎಂದುಕೊಳ್ಳುತ್ತಲೇ ತಂಗಿಯ ಮುಖ ನೋಡಿದ. ಅವಳು ತಟ್ಟನೆ ಕಣ್ಣು ತಪ್ಪಿಸಿದಳು.

ಅಷ್ಟರಲ್ಲಿ ಮಕ್ಕಳ ಡಾಕ್ಟರಮ್ಮ ಬಂದರು. ಮನೆಯಲ್ಲಿ ಯಾರಿಗಾದರೂ ಬಿಸಿಲಿಗೆ ಜ್ವರ ಬರುವುದು, ಹಲ್ಲು ಕೂದಲು ಕಡಿಮೆಯಿರುವುದು ಉಂಟೇ ಎಂದು ವಿಚಾರಿಸಿದರು. ತಮ್ಮ ಕಡೆ ಯಾರಿಗೂ ಇಲ್ಲವೆಂದು ತಂಗಿಯ ಗಂಡ ಹೇಳಿದ. ಅವನ ತಾಯಿ ಹೌದೆಂದು ತಲೆಯಾಡಿಸಿದರು. ತಂಗಿಯೂ ಇಲ್ಲವೆಂದಳು, ಮಗುವಿನ ಹೊದಿಕೆ ಸರಿಪಡಿಸುತ್ತಾ.

ಅವನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಬಾಯಿ ಬಿಟ್ಟರೆ ತಂಗಿಯ ಸಂಸಾರ ಏನಾಗುತ್ತದೋ, ಬಿಡದಿದ್ದರೆ ಮಗು ಏನಾಗುತ್ತದೋ. ಅಮ್ಮನ ತಮ್ಮನೊಬ್ಬ ಎಳೆಗೂಸಾಗಿದ್ದಾಗಲೇ ಬೇಸಿಗೆ ಜ್ವರದಲ್ಲಿ ಹೋಗಿದ್ದನೆಂದು ಎಂದೋ ಕೇಳಿದ್ದು ನೆನಪಾಯಿತು. ಮತ್ತೆ ಕೂರಲಾಗಲಿಲ್ಲ. ಒಳಗೆ ಹೋದವನೇ ಎಲ್ಲರೆದುರು ಹಲ್ಲಿನ ಸೆಟ್ಟು ತೆಗೆದು ಕೈಯಲ್ಲಿ ಹಿಡಿದ.

"ಡಾಕ್ಟ್ರೇ, ನನ್ನ ನೋಡಿ," ಎಂದ. ಸೆಟ್ಟಿಲ್ಲದ ಬಾಯಲ್ಲಿ ಮಾತು ಜಾರುತ್ತಿತ್ತು. "ನಂಗೆ ಬೆವರು ಬರಲ್ಲ. ಹುಟ್ಟಿದಾಗಿಂದ ಹೀಗೇ."

ಡಾಕ್ಟರಮ್ಮ ಮಗುವಿನ ಬಟ್ಟೆ ಬಿಚ್ಚಿಸಿ, ಒದ್ದೆ ಬಟ್ಟೆ ಹೊದಿಸಿ, ಫ್ಯಾನು ಹತ್ತಿರಕ್ಕೆ ತರಿಸಿದರು. ಸಂಜೆಯ ಹೊತ್ತಿಗೆ ಜ್ವರ ಇಳಿಯಿತು.

ಆಮೇಲೆ ಅವರು ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕೂದಲು, ಹಲ್ಲು, ಬೆವರಿನ ಗ್ರಂಥಿ ಎಲ್ಲಕ್ಕೂ ಚರ್ಮವೇ ತವರು. ಬಸಿರಿನಲ್ಲಿರುವಾಗ ಚರ್ಮ ಮೊದಲು ಹಾಸಿದ ಬಟ್ಟೆಯಂತೆ ಚಪ್ಪಟೆಯಾಗಿರುತ್ತದೆ. ಇಲ್ಲಿ ಒಳಕ್ಕಿಳಿ, ಗ್ರಂಥಿ ಕಟ್ಟು ಎಂದು ಅದಕ್ಕೆ ಸೂಚನೆ ಕೊಡುವ ಜೀನ್‌ನಲ್ಲಿ ತಪ್ಪಿದ್ದರೆ ಚರ್ಮ ಹಾಗೇ ಉಳಿದುಬಿಡುತ್ತದೆ. ಹೆಂಗಸರಲ್ಲಿ ಆ ಜೀನ್ ಎರಡಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಸಂಭಾಳಿಸುತ್ತದೆ. ಗಂಡಿಗಿರುವುದು ತಾಯಿಯಿಂದ ಬಂದ ಒಂದೇ. ರಕ್ತದ ಪರೀಕ್ಷೆಯೂ ಮುಂದೆ ಅದನ್ನೇ ಹೇಳಿತು.

ಕೆಟ್ಟ ಜೀನ್ ತಂಗಿಯಲ್ಲೂ ಇದೆಯೇ ಎಂದು ನೋಡಲು ಅವಳ ಬೆನ್ನಿಗೆ ಅಯೋಡಿನ್ ಹಚ್ಚಿ, ಪಿಷ್ಟದ ಪುಡಿ ಉದುರಿಸಿ, ಬೆಚ್ಚಗಿನ ಕೋಣೆಯಲ್ಲಿ ಕೂರಿಸಿದರು. ಬೆವರು ಬಂದ ಕಡೆಯೆಲ್ಲ ಕಪ್ಪಾಯಿತು. ನಡುನಡುವೆ ಪಟ್ಟೆ ಪಟ್ಟೆಯಾಗಿ ಬಣ್ಣವೇ ಏರಲಿಲ್ಲ. ಅಲ್ಲೆಲ್ಲ ಕೆಟ್ಟ ಜೀನ್‌ನದೇ ಕಾರುಬಾರು ಎಂದರು ಡಾಕ್ಟರಮ್ಮ. ಅತ್ತೆ ಆ ಬೆನ್ನನ್ನೇ ನೋಡುತ್ತಾ ನಿಂತಿದ್ದರು. ಸೊಸೆಗೆ ಚೆನ್ನಾಗಿ ಬಯ್ಯಬೇಕೆಂದೇ ಬಂದಿದ್ದವರು.

"ಅಡುಗೆಮನೇಲಿ ಆಗಾಗ ತಲೆ ಸುತ್ತುತ್ತೆ ಅಂತಿದ್ಯಲ್ಲ, ಇದಕ್ಕೇನಾ?"

"ಇರ್ಬಹುದು ಅತ್ತೆ. ನಂಗೂ ಗೊತ್ತಿರ್ಲಿಲ್ಲ."

"ಅಣ್ಣನ ವಿಷಯ ಗೊತ್ತಿತ್ತಲ್ಲ," ಎಂದರು ಅತ್ತೆ. ಸೆರಗಿನಿಂದ ಅವಳ ಬೆನ್ನು ಮುಚ್ಚಿದರು.

ಕೋಪವೇನೂ ಒಂದೇ ದಿನಕ್ಕೆ ಆರಲಿಲ್ಲ. ತಂಗಿಯ ಗಂಡ ಬಹಳ ಕಾಲ ಅವನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ಬಾಡಿಗೆಗೆ ತಂಪಾದ ಮನೆ ಹುಡುಕುವಾಗ ಅವನನ್ನೇ ಕರೆದೊಯ್ದ. ಯಾವ ಗೋಡೆ ಬಿಸಿಲಿಗೆ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದು ಅವನ ಮೈಗೇ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಕರೆಂಟು ಹೋದರೆ ಸಾಕು, ಅವನ ಕೈಗೆ ಫೋನು ಬರುತ್ತಿತ್ತು. ಎಷ್ಟು ಸಲ ಕೇಳುತ್ತೀಯಣ್ಣ, ಚೆನ್ನಾಗಿದಾನೆ ಎಂದು ತಂಗಿ ರೇಗುತ್ತಿದ್ದಳು. ಫೋನಿಟ್ಟು ತಾನೂ ಮಗುವಿನ ಮೈ ಮುಟ್ಟಿ ನೋಡುತ್ತಿದ್ದಳು.

ಅಳಿಯ ಶಾಲೆಗೆ ಸೇರಿದ ಮೊದಲ ಬೇಸಿಗೆಯಲ್ಲಿ, ನಡುಮಧ್ಯಾಹ್ನ, ಟೀಚರಮ್ಮ ಅವನಿಗೆ ಫೋನ್ ಮಾಡಿ ಸ್ವಲ್ಪ ಬಂದುಹೋಗಿ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಅವನು ಬಿಸಿಲೆಂಬುದನ್ನೇ ಮರೆತು ಓಡಿದ. ಶಾಲೆ ಮುಟ್ಟುವಷ್ಟರಲ್ಲಿ ಮುಖ ಕೆಂಡವಾಗಿ ಕಣ್ಣು ಕತ್ತಲೆ ಬಂದಿತ್ತು. ಜಗುಲಿಯಲ್ಲಿ ಇಡೀ ತರಗತಿ ತೊಯ್ದು ತೊಪ್ಪೆಯಾಗಿ ನಿಂತಿತ್ತು. ಅಳಿಯ ಅಂಗಿ ಬಿಚ್ಚಿ ನಲ್ಲಿಯಡಿ ನೆನೆಸಿ ತೊಟ್ಟುಕೊಂಡಿದ್ದನಂತೆ, ಉಳಿದ ಮಕ್ಕಳೂ ಸಾಲುಗಟ್ಟಿ ಹಾಗೇ ಮಾಡಿದವಂತೆ. ಎಲ್ಲರ ಮನೆಯವರನ್ನೂ ಕರೆಸಿದ್ದೇನೆಂದು ಟೀಚರಮ್ಮ ದೂರುತ್ತಿದ್ದರು. ಅವನು ಕಂಬಕ್ಕೊರಗಿ ಕೂತು, ಉಸಿರು ಸಿಗದಿದ್ದರೂ ನಗತೊಡಗಿದ. ಅಳಿಯ ಹತ್ತಿರ ಬಂದು ಹಣೆ ಮುಟ್ಟಿ ನೋಡಿದ.

"ಮಾವ, ನಿಂಗೆ ಬಿಸಿ ಆಗಿದೆ. ಅಂಗಿ ಕೊಡು," ಎಂದ.