ತಮ್ಮನ ತಟ್ಟೆಯ ಒಂದು ಮುದ್ದೆ

ನನ್ನ ತಮ್ಮ ಕಡೂರಿನ ಡಾಕ್ಟರ ಮುಂದೆ ಕಳ್ಳನ ಹಾಗೆ ತಲೆ ತಗ್ಗಿಸಿ ಕೂತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ತಪ್ಪು ನನ್ನದು. ಆದರೂ ನಾನು ಬಾಯಿ ಬಿಡಲಿಲ್ಲ. ಅದನ್ನು ಬರೆದಿಡಬೇಕು ಅನ್ನಿಸಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆಯುವುದು ನಿಧಾನ.

ನಮ್ಮೂರು ಚೌಳಹಿರಿಯೂರಿನ ಹತ್ತಿರ. ಗಂಡ ಹೋದ ಮೇಲೆ ನಾನು ತವರಿಗೆ ಬಂದೆ. ತಮ್ಮನಿಗೆ ಮದುವೆ ಕೂಡಿ ಬರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ತೋಟ, ಹೊಲ ಅವನದು, ಒಲೆ ನನ್ನದು.

ಅವನು ಹುಡುಗನಾಗಿದ್ದಾಗ ತೆಂಗಿನಕಾಯಿಯನ್ನೆಲ್ಲ ಮನೆಯವರೇ ಕೀಳಬೇಕಿತ್ತು. ಚೀಲ ಹೊತ್ತು ಅಟ್ಟಕ್ಕೆ ಏರಿಸಬೇಕು, ವರ್ಷ ಕಾದು ಒಣಗಿದ ಮೇಲೆ ಇಳಿಸಬೇಕು, ಸುಲಿಯಬೇಕು, ಕೊಬ್ಬರಿ ತೆಗೆಯಬೇಕು. ಅಷ್ಟು ಮಾಡಿ ಬಂದವನಿಗೆ ಅಮ್ಮ ಎರಡು ಮುದ್ದೆ ಇಟ್ಟು, ಮಧ್ಯ ಗುಳಿ ಮಾಡಿ ತುಪ್ಪ ಬಿಟ್ಟು, ಹುರುಳಿಸಾರು ಸುರಿಯುತ್ತಿದ್ದಳು. ಸಾಯಂಕಾಲದೊಳಗೆ ಅವನು ಮತ್ತೆ ಹಸಿದುಕೊಂಡು ಬರುತ್ತಿದ್ದ.

ಈಗ ವ್ಯಾಪಾರಿಯ ಆಳುಗಳೇ ಬಂದು ಕಾಯಿ ಕಿತ್ತುಕೊಂಡು ಹೋಗುತ್ತಾರೆ. ತೋಟದ ಮೋಟಾರನ್ನು ಅವನು ಜಗಲಿಯ ಮೇಲೆ ಕೂತು ಫೋನಿನಲ್ಲೇ ಆನ್ ಮಾಡುತ್ತಾನೆ. ತೋಟ ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ಬೈಕು. ಬೀರೂರಿಗೆ ಹೋದರೆ ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ಬರುವುದಿಲ್ಲ. ತರೀಕೆರೆಯ ಗೃಹಪ್ರವೇಶ, ಅಜ್ಜಂಪುರದ ಮದುವೆ ಅಂತ ತಿಂಗಳಿಗೆ ಮೂರು ನಾಲ್ಕು ಊಟ. ಅಜ್ಜಂಪುರದಲ್ಲಿ ಒಮ್ಮೆ ಅವನು ಏಳು ಹೋಳಿಗೆ ತಿಂದಾಗ ಬಡಿಸುವವರು ನನ್ನ ಕಡೆ ನೋಡಿ ನಕ್ಕರು. ನನಗೆ ಹೆಮ್ಮೆಯೇ ಆಯಿತು. ಮೈಮುರಿಯುವ ಕೆಲಸ ಹೋಗಿತ್ತು, ಮುದ್ದೆ ಮಾತ್ರ ಮೊದಲಿನಂತೆ ಎರಡಿತ್ತು, ಅಮ್ಮ ಕಟ್ಟುತ್ತಿದ್ದ ಅಳತೆಯಲ್ಲೇ.

ಇನ್ನೊಂದು ಮಾತು ಹೇಳಬೇಕು. ಊಟ ನಮಗೆ ಪ್ರಸಾದ. ತಟ್ಟೆಗೆ ಬಿದ್ದದ್ದನ್ನು ಬಿಡುವ ಹಾಗಿಲ್ಲ. ಮಠದ ದಾಸೋಹದಲ್ಲಿ ಅಪ್ಪ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದದ್ದನ್ನು ನೋಡಿ ಬೆಳೆದವರು ನಾವು. ತಮ್ಮನೂ ಹಾಗೆಯೇ, ಒಂದು ಅಗುಳೂ ಬಿಡುವವನಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಎಷ್ಟು ತಿನ್ನಬೇಕು ಅನ್ನುವುದು ತಿನ್ನುವವನ ಕೈಯಲ್ಲಿಲ್ಲ, ಬಡಿಸುವವಳ ಕೈಯಲ್ಲಿದೆ.

ಹೋದ ವರ್ಷ ಅವನಿಗೆ ಹರ್ನಿಯಾ ಅಂದರು. ಕೆಮ್ಮಿದರೆ ಹೊಕ್ಕುಳಿನ ಹತ್ತಿರ ನಿಂಬೆಹಣ್ಣಿನಷ್ಟು ಉಬ್ಬುತ್ತಿತ್ತು. ಡಾಕ್ಟರು ತೂಕ ನೋಡಿದರು. ತೊಂಬತ್ತಾರು ಕೆಜಿ.

"ಇಷ್ಟು ಹೊಟ್ಟೆ ಇಟ್ಕೊಂಡು ಆಪರೇಷನ್ ಮಾಡಿದ್ರೆ ಹೊಲಿಗೆ ನಿಲ್ಲಲ್ಲ ಕಣ್ರೀ. ಹತ್ತು ಕೆಜಿ ಇಳಿಸ್ಕೊಂಡು ಬನ್ನಿ. ಅಷ್ಟರಲ್ಲಿ ಕರುಳು ಸಿಕ್ಕಾಕ್ಕೊಂಡ್ರೆ ಜೀವಕ್ಕೇ ಕಷ್ಟ, ನೆನಪಿರ್ಲಿ. ಹೊತ್ತಿಗೆ ಒಂದೇ ಮುದ್ದೆ. ತುಪ್ಪ ಬೇಡ. ದಿನಾ ನಡೀರಿ."

ತಮ್ಮ ಅಂದಿನಿಂದಲೇ ತೋಟಕ್ಕೆ ನಡೆದು ಹೋಗತೊಡಗಿದ. ಮಂಡಕ್ಕಿ ಬಿಟ್ಟ. ನಾನೂ ಒಂದೇ ಮುದ್ದೆ ಇಟ್ಟೆ. ತಿಂಗಳಲ್ಲಿ ಮೂರು ಕೆಜಿ ಇಳಿದ, ಕೆನ್ನೆ ಒಳಗೆ ಹೋಯಿತು. ಅಷ್ಟರಲ್ಲಿ ಒಂದು ದಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಅಜ್ಜಿ ಕೊಡ ಇಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನವ್ವಾ, ನಿನ್ ತಮ್ಮ ಹಿಂಗ್ ಬಾಡೋಗಿದಾನೆ? ದುಡಿಯೋನ್ಗೆ ಹಾಕ್ದೆ ಯಾರಿಗವ್ವಾ ಉಳಿಸ್ತಿದೀಯ?"

"ಡಾಕ್ಟ್ರು ಹೇಳಿದಾರೆ ಕಣಜ್ಜಿ."

"ಡಾಕ್ಟ್ರು ಹೇಳ್ತಾರೆ. ಉಣ್ಣಾಕೆ ಇಕ್ಕೋಳು ನೀನಲ್ವಾ?"

ನೀರು ಹಿಡಿಯುತ್ತಿದ್ದವರೆಲ್ಲ ನಕ್ಕರು. ನನಗೆ ಅದು ಚುಚ್ಚಿತು. ತಮ್ಮನ ಮನೆಯಲ್ಲಿ ಅನ್ನ ತಿನ್ನುತ್ತಿರುವವಳು ತಮ್ಮನಿಗೇ ಅರೆಹೊಟ್ಟೆ ಹಾಕುತ್ತಾಳೆ ಅಂತ ಊರು ಆಡಿಕೊಂಡರೆ ನನಗೆ ಏನು ಮರ್ಯಾದೆ ಉಳಿಯುತ್ತದೆ?

ಅವತ್ತೇ ಶುರು ಮಾಡಿದೆ. ಮುದ್ದೆ ಒಂದೇ, ಆದರೆ ಸ್ವಲ್ಪ ದೊಡ್ಡದು. ಮಾರನೆಯ ವಾರ ಇನ್ನೂ ಸ್ವಲ್ಪ. ತುಪ್ಪ ಮೇಲೆ ಬಿಟ್ಟರೆ ಕಾಣುತ್ತದೆಂದು ಹಿಟ್ಟು ತಿರುವುವಾಗಲೇ ಪಾತ್ರೆಗೆ ಹಾಕಿದೆ. ಸಾರಿಗೆ ಕಾಯಿ ಜಾಸ್ತಿ ರುಬ್ಬಿದೆ. ತಮ್ಮ ಫೋನು ನೋಡುತ್ತಾ ಉಣ್ಣುವವನು, ತಟ್ಟೆಯ ಕಡೆ ಅವನ ಕಣ್ಣೇ ಇರುತ್ತಿರಲಿಲ್ಲ. ಎರಡು ತಿಂಗಳಲ್ಲಿ ಅವನು ತಿನ್ನುತ್ತಿದ್ದ ಆ ಒಂದು ಮುದ್ದೆ ಹಳೆಯ ಎರಡರಷ್ಟಿತ್ತು. ಅವನ ಕೆನ್ನೆ ತುಂಬಿಕೊಂಡಿತು. ನಲ್ಲಿಯ ಹತ್ತಿರ ಮಾತು ನಿಂತಿತು.

ಮತ್ತೆ ಕಡೂರಿಗೆ ಹೋದಾಗ ತೊಂಬತ್ತೇಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಕದ್ದು ತಿಂತೀರೇನ್ರೀ?"

"ಇಲ್ಲ ಸಾರ್, ಒಂದೇ ಮುದ್ದೆ. ದಿನಾ ನಡೀತೀನಿ."

"ಗಾಳಿ ಕುಡಿದು ದಪ್ಪ ಆದ್ರಾ? ಸುಳ್ಳು ಹೇಳ್ಬೇಡ್ರೀ. ನಿಮ್ಮ ಹೊಟ್ಟೆ, ನಿಮ್ಮ ಜೀವ. ನನಗೇನು?"

ಬಾಗಿಲ ಬಳಿ ಚೀಟಿ ಹಿಡಿದು ನಿಂತಿದ್ದವರೆಲ್ಲ ಇಣುಕಿದರು. ತಮ್ಮ ನನ್ನ ಮುಖ ನೋಡಿದ. ನಾನು ಚೀಲದ ಹಿಡಿ ಸರಿಮಾಡಿಕೊಂಡೆ.

ಬಸ್ಸು ಬೀರೂರು ದಾಟಿತು. ಆಮೇಲೆ, "ಅಕ್ಕಾ, ನೀನಾದ್ರೂ ಒಂದ್ ಮಾತು ಹೇಳ್ಬೋದಿತ್ತು. ಒಂದೇ ತಿಂತಾನೆ ಅಂತ," ಅಂದ. ನಾನು ಕಿಟಕಿಯ ಕಡೆ ತಿರುಗಿದೆ.

ನಿಜ ಹೇಳಲು ಇನ್ನೂ ಹದಿನೈದು ದಿನ ತೆಗೆದುಕೊಂಡೆ. ಆ ದಿನಗಳಲ್ಲಿ ಮುದ್ದೆಯನ್ನು ಚಿಕ್ಕದು ಮಾಡಬಹುದಿತ್ತು. ಒಮ್ಮೆಲೇ ಚಿಕ್ಕದಾದರೆ ಗೊತ್ತಾಗಿಬಿಡುತ್ತದೆಂದು ಅದನ್ನೂ ಮಾಡಲಿಲ್ಲ. ಒಂದು ಬೆಳಿಗ್ಗೆ ಗೊಬ್ಬರದ ಚೀಲ ಎತ್ತಿದವನು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದ. ಮುಖ ಬೆವರಿತ್ತು. ಉಬ್ಬಿದ್ದನ್ನು ಅಂಗೈಯಿಂದ ಒತ್ತಿ ಒತ್ತಿ, ಕೊನೆಗೆ ಒಳಗೆ ಸರಿಸಿಕೊಂಡ. ನೀರು ಕೊಟ್ಟೆ. ಅವನು ಕುಡಿದು ಮುಗಿಸುವ ಮೊದಲೇ ಎಲ್ಲ ಹೇಳಿದೆ. ಅಜ್ಜಿಯ ಮಾತು, ಮುದ್ದೆ, ತುಪ್ಪ, ಎಲ್ಲ.

ಅವನು ಬಯ್ಯಲಿಲ್ಲ. ಎದ್ದು ಒಳಗೆ ಹೋಗಿ ಕೊಬ್ಬರಿ ತೂಗುವ ತಕ್ಕಡಿ ತಂದ.

"ಇವತ್ತಿನ ಮುದ್ದೆ ಎಲ್ಲೈತೆ? ತಗೊಂಡ್ ಬಾ."

ತಂದಿಟ್ಟೆ. ಒಂದು ಕೆಜಿಯ ಬಟ್ಟು ಇಟ್ಟ. ತಕ್ಕಡಿ ಸಮ ನಿಂತಿತು.

"ಹೊತ್ತಿಗೊಂದು ಕೆಜಿ," ಅಂದ. "ಅಲ್ಲಿ ಅಷ್ಟು ಜನದ ಮುಂದೆ ನನ್ನ ಕಳ್ಳ ಮಾಡ್ದಲ್ಲಕ್ಕಾ."

ಎರಡು ದಿನ ಅವನು ನನ್ನ ಕೈಯ ಊಟ ಮಾಡಲಿಲ್ಲ. ತಾನೇ ಚಪಾತಿ ಲಟ್ಟಿಸಿಕೊಂಡ, ಒಂದೂ ದುಂಡಗೆ ಬರಲಿಲ್ಲ. ಮೂರನೆಯ ದಿನ ಅಡಿಗೆಮನೆಗೆ ಬಂದು ಕೂತು, "ತಿರುವು, ನಾನ್ ಕಟ್ತೀನಿ," ಅಂದ. ಅಂದಿನಿಂದ ಹಿಟ್ಟು ತಿರುವುವುದು ನಾನು, ಮುದ್ದೆ ಕಟ್ಟುವುದು ಅವನು. ತಕ್ಕಡಿ ಒಲೆಯ ಪಕ್ಕದಲ್ಲೇ ಇದೆ. ಫೋನು ಜಗಲಿಯಲ್ಲಿ ಉಳಿಯುತ್ತದೆ.

ಐದು ತಿಂಗಳ ಮೇಲೆ ಕಡೂರಿಗೆ ಹೋದೆವು. ಎಂಬತ್ತೇಳು. ಇನ್ನೊಂದು ಕೆಜಿ ಬಾಕಿ.

ಡಾಕ್ಟರು ನಕ್ಕರು. "ಈಗ ಬುದ್ಧಿ ಬಂತು ನೋಡಿ. ಕದ್ದು ತಿನ್ನೋದು ಬಿಟ್ರಲ್ಲ?"

"ಹ್ಞೂಂ ಸಾರ್, ಬಿಟ್ಟೆ," ಅಂದ ತಮ್ಮ.

ಬಾಗಿಲ ಬಳಿ ಅವತ್ತಿನ ಹಾಗೆಯೇ ಜನ ನಿಂತಿದ್ದರು. ನನ್ನ ಕೈ ಚೀಲದ ಹಿಡಿಗೆ ಹೋಯಿತು. ಚೀಲವನ್ನು ನೆಲಕ್ಕಿಟ್ಟೆ.

"ಅವನು ಯಾವತ್ತೂ ಕದ್ದು ತಿಂದಿಲ್ಲ ಸಾರ್. ದೊಡ್ಡ ಮುದ್ದೆ ಕಟ್ಟಿ ಇಟ್ಟಿದ್ದು ನಾನು. ಅವತ್ತು ನೀವು ಬೈದಾಗ ಹೇಳ್ಲಿಲ್ಲ."

ಡಾಕ್ಟರು ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು. ಚೀಟಿಯಲ್ಲಿ ಆಪರೇಷನ್ನಿಗೆ ಬರಬೇಕಾದ ದಿನ ಬರೆದು, ಅದನ್ನು ತಮ್ಮನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟರು.

"ಅಲ್ಲೀವರೆಗೂ ಅಳತೆ ತಪ್ಪಿಸ್ಬೇಡಿ ಕಣಮ್ಮ."

ಹೊರಗೆ ಬಂದ ಮೇಲೆ ತಮ್ಮ, "ಅಷ್ಟು ಜನದ ಮುಂದೆ ಹೇಳ್ಬೇಕಿತ್ತಾ?" ಅಂದ.

"ಅವತ್ತೂ ಅಷ್ಟೇ ಜನ ಇದ್ರು ಕಣೋ," ಅಂದೆ.

ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡ. ಬಸ್ ಸ್ಟ್ಯಾಂಡಿನವರೆಗೂ ನಡೆದೇ ಹೋದೆವು.