ಕೋಳಿ ಕೂಗದ ಹಟ್ಟಿಯಲ್ಲಿ ಬೋರಕ್ಕನ ತಟ್ಟೆ

ಬೆಳಗಿನ ಜಾವ ನಾಲ್ಕೂವರೆ. ತಳಕು, ಕೊಂಡ್ಲಹಳ್ಳಿ ನಡುವಿನ ಈ ಹಟ್ಟಿಯಲ್ಲಿ ಕುರಿಗಳೂ ಎದ್ದಿಲ್ಲ. ಬೋರಕ್ಕ ಮಾತ್ರ ಹಟ್ಟಿಯ ಹೊರಗೇ ಚಪ್ಪಲಿ ಬಿಟ್ಟು, ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಾರಿಸುತ್ತಾ ಒಳಗೆ ನಡೆಯುತ್ತಾರೆ. "ಲೇ ಮಹಾಂತೇಶ, ಎದ್ದು ಮುಖಕ್ಕೆ ನೀರು ಹಾಕ್ಕ. ಪ್ರಮೇಯ ಕನಸಿನಾಗೆ ಬರಾಕಿಲ್ಲ." ಹನ್ನೊಂದು ಮನೆ, ಹದಿನಾಲ್ಕು ಎಸ್ಸೆಸ್ಸೆಲ್ಸಿ ಮಕ್ಕಳು. ಓದುವ ದನಿ ಕೇಳುವ ತನಕ ಅವರು ಬಾಗಿಲು ಬಿಟ್ಟು ಕದಲುವುದಿಲ್ಲ.

ಐವತ್ತೆರಡರ ಬೋರಕ್ಕ ಎರಡು ಮೈಲಿ ದೂರದ ಸರ್ಕಾರಿ ಹೈಸ್ಕೂಲಿನ ಅಟೆಂಡರ್. ಆರು ಕೋಣೆ ಗುಡಿಸಬೇಕು, ಎರಡು ಡ್ರಮ್ಮು ನೀರು ತುಂಬಬೇಕು, ಗಂಟೆ ಹೊಡೆಯಬೇಕು. ಮಕ್ಕಳನ್ನು ಎಬ್ಬಿಸಬೇಕೆಂದು ಯಾವ ಆದೇಶದಲ್ಲೂ ಇಲ್ಲ. ಅದು ಹೆಡ್‌ಮಾಸ್ಟರ್ ನಾಗೇಂದ್ರಪ್ಪನವರ ಒಂದು ಘನಕಾರ್ಯದಿಂದ ಗಂಟುಬಿದ್ದ ಕೆಲಸ.

ಹೋದ ವರ್ಷ, ಅಂದರೆ 2002ರಲ್ಲಿ, ಮೂವತ್ತೊಂದು ಮಕ್ಕಳು ಪರೀಕ್ಷೆಗೆ ಕೂತು ಆರು ಮಂದಿ ಪಾಸಾದರು. ಫೇಲಾಗುವುದಕ್ಕೆ ಹೈಸ್ಕೂಲೇ ಬೇಕೇ ಎಂದು ಜನ ಏಳನೆಯದಕ್ಕೇ ಮಕ್ಕಳನ್ನು ಬಿಡಿಸಿದರು. ಎಂಟನೆಯ ತರಗತಿಗೆ ಬಂದದ್ದು ಒಂಬತ್ತೇ ಮಂದಿ. ಇನ್ನೊಂದು ವರ್ಷ ಹೀಗೇ ಆದರೆ ಶಾಲೆಯನ್ನು ತಳಕಿಗೆ ಸೇರಿಸುತ್ತೇವೆಂದು ಮೇಲಿನಿಂದ ಕಾಗದ ಬಂತು. ಬೋರಕ್ಕನಿಗೆ ಆ ದಿನ ಅನ್ನ ಸೇರಲಿಲ್ಲ. ಹತ್ತಿರದಲ್ಲಿ ಹೈಸ್ಕೂಲಿಲ್ಲವೆಂದೇ ಅವರ ಓದೂ ಏಳಕ್ಕೆ ನಿಂತಿತ್ತು. ಗಂಡುಹುಡುಗರು ಬಸ್ಸು ಹತ್ತಿಯಾರು, ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ?

ಹಗಲು ಶಾಲೆ, ಸಂಜೆ ಕುರಿ. ಓದಲು ಉಳಿದದ್ದು ಬೆಳಗಿನ ಜಾವವೊಂದೇ. ಈ ಹಟ್ಟಿಯಲ್ಲೋ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಒಳಗೂ ಬಿಡುವುದಿಲ್ಲ. ಅದು ದೇವರ ಹೆಸರಿನ ಕಟ್ಟುಪಾಡು. ಹೊರಜಿಲ್ಲೆಯಿಂದ ಬಂದ ನಾಗೇಂದ್ರಪ್ಪನವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಚಳ್ಳಕೆರೆಯಿಂದ ಅಲಾರಂ ಗಡಿಯಾರ ತಂದು ಹತ್ತನೆಯ ತರಗತಿಯ ಶೃತಿಗೆ ಕೊಟ್ಟರು. ಮರುದಿನ ಅದು ಟ್ರಿಣ್ ಎನ್ನಲಿಲ್ಲ, ಕೊಕ್ಕೊಕ್ಕೋ ಎಂದಿತು.

ಹಟ್ಟಿಗೆ ಹಟ್ಟಿಯೇ ದೊಣ್ಣೆ ಹಿಡಿದು ಎದ್ದಿತು. ಕುರಿರೊಪ್ಪ, ಬಣವೆ ಎಲ್ಲ ಜಾಲಾಡಿದರೂ ಹುಂಜ ಸಿಗಲಿಲ್ಲ. ಕೊನೆಗೆ ಅದು ಮತ್ತೆ ಕೂಗಿದ್ದು ಹಟ್ಟಿಯ ಯಜಮಾನರೂ ಶೃತಿಯ ತಾತನೂ ಆದ ಕ್ಯಾತಪ್ಪನವರ ಮನೆಯಲ್ಲೇ. ಹಟ್ಟಿಗೆಲ್ಲ ಗಂಜಲ ಚಿಮುಕಿಸಿ, ಗಡಿಯಾರವನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಶಾಲೆಗೆ ಬಂದ ಕ್ಯಾತಪ್ಪ, ಇನ್ನು ಶೃತಿಯನ್ನಷ್ಟೇ ಅಲ್ಲ, ಹಟ್ಟಿಯ ಯಾವ ಮಗುವನ್ನೂ ಕಳಿಸುವುದಿಲ್ಲ ಎಂದರು. ಹೆಡ್‌ಮಾಸ್ಟರ್ ಕೋಲಿನಿಂದ ಗಡಿಯಾರ ಬಿಡಿಸಿಕೊಂಡರು. ಬೋರಕ್ಕನೇ ಮುಂದೆ ಬಂದರು.

"ಯಜಮಾನ್ರೇ, ಗಡಿಯಾರ ನಮ್ತಾವೇ ಇರ್ಲಿ. ದಿನಾ ನಾನೇ ಬಂದು ಎಬ್ಬಿಸ್ತೀನಿ. ನಾನೇನು ಕೋಳಿ ಅಲ್ಲವಲ್ಲ."

ಕ್ಯಾತಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, ಅನುಮಾನದಲ್ಲೇ ಒಪ್ಪಿದರಂತೆ. ಅಂದಿನಿಂದ ಬೋರಕ್ಕ ಒಂದು ದಿನವೂ ತಪ್ಪಿಸಿಲ್ಲ. ನಾಯಿ ಕಚ್ಚಿದ ಮರುದಿನವೂ ಕುಂಟುತ್ತಲೇ ತಟ್ಟೆ ಬಾರಿಸಿದರು.

ಈ ಸಲ ಇಪ್ಪತ್ತಮೂರರಲ್ಲಿ ಹದಿನೈದು ಮಂದಿ ಪಾಸು, ಶೃತಿ ಫಸ್ಟ್ ಕ್ಲಾಸು. ಕ್ಯಾತಪ್ಪನವರೇ ಮನೆಮನೆ ತಿರುಗಿ ಹೆಣ್ಣುಮಕ್ಕಳನ್ನೂ ಹೊರಡಿಸಿ, ಎಂಟನೆಯ ತರಗತಿಗೆ ಮೂವತ್ತನಾಲ್ಕು ಮಂದಿಯನ್ನು ಸೇರಿಸಿದ್ದಾರೆ. ಶಾಲೆಯನ್ನು ತಳಕಿಗೆ ಸೇರಿಸುವ ಮಾತು ಈಗ ಯಾರೂ ಎತ್ತುತ್ತಿಲ್ಲ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಬೋರಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಬೆಂಚು ಸಾಲ್ದು ಅಂತ ಹೆಡ್‌ಮೇಷ್ಟ್ರು ಒದ್ದಾಡ್ತಾವ್ರೆ. ಮಕ್ಳು ನೆಲದ ಮೇಲೆ ಕೂತ್ರೂ ಅಕ್ಷರ ಹತ್ತತೈತೆ ಸಾರ್. ಹೋದ್ ವರ್ಷ ದಿನಾ ಖಾಲಿ ಬೆಂಚಿನ ಧೂಳು ಒರೆಸ್ತಿದ್ದೆ. ಆ ಸಂಕಟ ಮತ್ತೆ ಬ್ಯಾಡ, ಅಷ್ಟೇಯ."