ಕೋರ್ಟಿನೊಳಗೆ ಬಂದ ಚಪ್ಪಲಿ

“ನಡೆಯೋಕಾಗಲ್ಲ ಅಂತೀಯ, ಕಾಲಿಗೆ ಹೊಸ ಚಪ್ಪಲಿ ಯಾಕಮ್ಮ?” ಮಂಡ್ಯದ ಕೋರ್ಟಿನಲ್ಲಿ ಎದುರು ವಕೀಲರು ಹೀಗೆ ಕೇಳಿದಾಗ ಎಲ್ಲರೂ ನನ್ನ ಅಕ್ಕನ ಪಾದ ನೋಡಿದರು. ನಾಯಿ ಕಚ್ಚಿದ್ದಕ್ಕೆ ಹೊಟ್ಟೆಗೆ ಹಾಕಿಸಿಕೊಂಡ ಚುಚ್ಚುಮದ್ದುಗಳಲ್ಲಿ ಹನ್ನೊಂದನೆಯದರ ಮರುದಿನ ಅವಳ ಕಾಲುಗಳು ಸ್ವಾಧೀನ ತಪ್ಪಿದ್ದವು. ಆ ಚುಚ್ಚುಮದ್ದಿನಿಂದಾದ ಹಾನಿಗೆ ಪರಿಹಾರ ಕೋರಿದ ದಾವೆಗೆ ಅದು ಒಂಬತ್ತನೆಯ ವಾಯಿದೆ. ಆತಗೂರಿನಿಂದ ಬಂದ ನಾವೆಲ್ಲ ಗುಡಿಗೆ ಹೋದಂತೆ ಚಪ್ಪಲಿಗಳನ್ನು ಬಾಗಿಲಲ್ಲೇ ಬಿಟ್ಟಿದ್ದೆವು. ಅಕ್ಕನನ್ನು ಎತ್ತಿಕೊಂಡಿದ್ದ ನಾನು ಅವಳದನ್ನು ಬಿಚ್ಚಲು ಮರೆತಿದ್ದೆ.

“ಒಸವಲ್ಲ ಸ್ವಾಮಿ, ನಾಯಿ ಕಚ್ಚಾಕೆ ಮುಂಚೆ ತಕ್ಕಂಡವು. ನಡುದ್ರೆ ತಾನೆ ಸವ್ಯಾದು?” ಎಂದಳು ಅಕ್ಕ.

ಪರಿಹಾರವೇನೋ ಸಿಕ್ಕಿತು. ಈ ವರ್ಷ ನನ್ನ ಚಪ್ಪಲಿಯನ್ನು ನಾಲ್ಕು ಸಲ ಹೊಲಿಸಿದೆನೆಂದು ದಿನಚರಿಯಲ್ಲಿದೆ. ಅವಳದನ್ನೂ ಒಮ್ಮೆಯಾದರೂ ಹೊಲಿಸಿ ತರಬೇಕೆಂಬ ಆಸೆ ಮಾತ್ರ ಹಾಗೆಯೇ ಉಳಿದಿದೆ.